ಶಿಕಾಗೋ ಪೇಟೆಯ ನಡುವೆ ಮಕ್ಕಳ ಅಂಗಳ

ಅಮೆರಿಕದ ಊರುಗಳ ನಡುಪೇಟೆಗೆ ಡೌನ್‌ಟೌನ್ ಅಂತಾರೆ. ಕತ್ತೆತ್ತಿ ನೋಡಬೇಕಾದ ಕಟ್ಟಡಗಳು, ಬ್ಯಾಂಕು, ಆಫೀಸು, ಗಡಿಬಿಡಿಯಲ್ಲಿ ಓಡುವ ಜನ. ಅಲ್ಲಿ ಮಕ್ಕಳಿಗೇನು ಕೆಲಸ ಅಂತ ನಿಮಗೂ ಅನ್ನಿಸಬಹುದು. ಆದರೆ ಮಗನ ಮನೆಗೋ ಮಗಳ ಬಾಣಂತನಕ್ಕೋ ನೀವು ಶಿಕಾಗೋಗೆ ಹೋಗುವುದಾದರೆ, ಆ ಪೇಟೆಯ ನಡುವೆ ಇರುವ ಎರಡು ಪಾರ್ಕುಗಳನ್ನು ನೋಡದೆ ಬರಬೇಡಿ. ಹೋಗಲಾಗದವರು ಈ ಪುಟದಲ್ಲೇ ನನ್ನ ಜೊತೆ ಒಂದು ಸುತ್ತು ಬನ್ನಿ.

ಮೊದಲನೆಯದು ಮಿಲೆನಿಯಂ ಪಾರ್ಕ್, ಸುಮಾರು 24 ಎಕರೆ. ಹಿಂದೆ ಇಲ್ಲಿದ್ದದ್ದು ರೈಲು ಹಳಿಗಳು ಮತ್ತು ಕಾರು ನಿಲ್ಲಿಸುವ ಜಾಗ. ಅದರ ಮೇಲೆ ತಾರಸಿ ಹಾಕಿ, ಮಣ್ಣು ಹರಡಿ, ಗಿಡ ನೆಟ್ಟರು. ಈಗಲೂ ಕೆಳಗೆ ರೈಲು ಬಂದು ಹೋಗುತ್ತದೆ, ಮೇಲೆ ಮಕ್ಕಳು ಓಡುತ್ತಾರೆ. ನಾವು ತಾರಸಿ ಮೇಲೆ ಕುಂಡದಲ್ಲಿ ಕೊತ್ತಂಬರಿ ಬೆಳೆಯುವುದಿಲ್ಲವೇ, ಹಾಗೆ ಅನ್ನಿ! 2000ಕ್ಕೆ ಮುಗಿಯಬೇಕಿದ್ದ ಕೆಲಸ 2004ರ ಜುಲೈವರೆಗೆ ಎಳೆಯಿತು. ಖರ್ಚೂ ಮೊದಲು ಅಂದುಕೊಂಡದ್ದರ ಮೂರು ಪಟ್ಟಾಯಿತು. ಮನೆ ಕಟ್ಟಿಸಿದವರಿಗೆ ಇದೇನೂ ಹೊಸ ಸುದ್ದಿಯಲ್ಲ ಬಿಡಿ.

ಒಳಗೆ ಹೋದರೆ ದೊಡ್ಡದೊಂದು ಉಕ್ಕಿನ ಕಾಳು ಹೊಳೆಯುತ್ತಾ ಕೂತಿದೆ. ಮಾಡಿದವರು ನಮ್ಮ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್. 168 ಉಕ್ಕಿನ ಹಾಳೆಗಳನ್ನು ಬೆಸೆದು, ಬೆಸುಗೆ ಕಾಣದ ಹಾಗೆ ಉಜ್ಜಿದ್ದಾರೆ. ಅಲ್ಲಿಯವರು ಅದನ್ನು ಬೀನ್ ಅಂತಾರೆ. ನನಗೇನೋ ಹಿತಕಿದ ಅವರೆಕಾಳಿನ ಹಾಗೇ ಕಂಡಿತು. ಅದರ ಹೊಟ್ಟೆಯ ಕೆಳಗೆ ನಿಂತು ಮೇಲೆ ನೋಡಿದರೆ ನಾವೇ ಸೊಟ್ಟಪಟ್ಟ ಕಾಣುತ್ತೇವೆ. ಮುಟ್ಟಬೇಡಿ ಅಂತ ಗದರುವವರು ಯಾರೂ ಇಲ್ಲ.

ಆದರೆ ನನ್ನ ಮನಸ್ಸು ಕದ್ದದ್ದು ಕ್ರೌನ್ ಫೌಂಟನ್. ಸ್ಪೇನಿನ ಬಾರ್ಸಿಲೋನಾದ ಕಲಾವಿದ ಜಾಮೆ ಪ್ಲೆನ್ಸಾ ಮಾಡಿದ್ದು. ಗಾಜಿನ ಇಟ್ಟಿಗೆಯ ಎರಡು ಗೋಪುರಗಳು, ಒಂದೊಂದೂ 50 ಅಡಿ, ಎದುರುಬದುರು ನಿಂತಿವೆ. ನಡುವೆ ಕಪ್ಪು ಕಲ್ಲಿನ ಹಾಸು, ಅದರ ಮೇಲೆ ಅಂಗಾಲು ನೆನೆಯುವಷ್ಟೇ ನೀರು. ಗೋಪುರದ ಮೇಲೆ ದೊಡ್ಡ ದೊಡ್ಡ ಮುಖಗಳು ಮೂಡುತ್ತವೆ, ಕಣ್ಣು ಮಿಟುಕಿಸುತ್ತವೆ, ಮುಗುಳ್ನಗುತ್ತವೆ. ಕೆಲವು ನಿಮಿಷ ಆದ ಮೇಲೆ ಮುಖ ತುಟಿ ಮುಂದೆ ಮಾಡುತ್ತದೆ, ಬಾಯಿಂದ ಧೋ ಅಂತ ನೀರು ಚಿಮ್ಮುತ್ತದೆ!

ಯಾರ ಮುಖ ಅಂತೀರಿ? ಮಂತ್ರಿಗಳದ್ದಲ್ಲ, ಸಿನಿಮಾದವರದ್ದಲ್ಲ. ಶಿಕಾಗೋದ ಸುಮಾರು ಸಾವಿರ ಮಂದಿ ಸಾಮಾನ್ಯ ಜನರನ್ನು ಕೂರಿಸಿ ತೆಗೆದ ಚಿತ್ರಗಳು. ಅಜ್ಜಿ, ಹುಡುಗ, ಕರಿಯರು, ಬಿಳಿಯರು, ಎಲ್ಲರೂ ಇದ್ದಾರೆ. ನಮ್ಮಲ್ಲಿ ಸರ್ಕಲ್ಲಿನ ಮಧ್ಯೆ ದೊಡ್ಡವರ ಪ್ರತಿಮೆ ನಿಲ್ಲಿಸಿ ಸುತ್ತ ಕಬ್ಬಿಣದ ಬೇಲಿ ಹಾಕುತ್ತೇವಲ್ಲ, ಅದು ನೆನಪಾಯಿತು.

ನನ್ನ ತಂಗಿ ಅಲ್ಲಿಗೆ ಹೋಗಿ ಆಗ ಎಂಟು ತಿಂಗಳು. ಗಂಡ ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ನಾಲ್ಕು ವರ್ಷದ ಮಗಳು ಹೊರಗೆ ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ, ಅಮ್ಮನ ಕುರ್ತಾ ತುದಿ ಹಿಡಿದದ್ದು ಬಿಡುತ್ತಿರಲಿಲ್ಲ. ಮಗುವಿಗೆ ಏನಾದರೂ ತೊಂದರೆ ಇದೆಯೋ ಅಂತ ತಂಗಿಗೆ ರಾತ್ರಿಯೆಲ್ಲ ಯೋಚನೆ. ಆ ದಿನ ಕಾರಂಜಿಯ ಮುಂದೆ ನಿಂತ ಪುಟ್ಟಿ, ಮುಖ ತುಟಿ ಮುಂದೆ ಮಾಡಿದ್ದೇ ತಡ, "ಬಂತು! ಬಂತು!" ಅಂತ ಕಿರುಚಿ ಓಡಿಬಿಟ್ಟಳು. ಪಕ್ಕದಲ್ಲಿದ್ದ ಜಡೆಗಳಿಗೆ ಬಣ್ಣದ ಮಣಿ ಹಾಕಿಕೊಂಡ ಕರಿಯ ಹುಡುಗಿ ಇವಳನ್ನೇ ನೋಡುತ್ತಿದ್ದಳು. ಮುಂದಿನ ಸಲ ಅವಳೂ "ಬಂತು!" ಅಂದಳು. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡೇ ನೆನೆದರು.

ಆ ಹುಡುಗಿಯ ತಾಯಿ ನಮ್ಮ ಬೆಂಚಿಗೇ ಬಂದು ಕೂತರು. ಮನೆಗೆ ಬರುವಾಗ ತಂಗಿ ಹೇಳಿದಳು: "ಅಕ್ಕಾ, ಫಾರಂ ತುಂಬಿಸೋಕೆ ಅಲ್ಲದೆ ಈ ಊರಲ್ಲಿ ನನ್ನ ಹೆಸರು ಕೇಳಿದವರು ಇವರೇ ಮೊದಲು ಕಣೇ." ನನಗೆ ಗಂಟಲು ಕಟ್ಟಿತು.

ಇಲ್ಲಿಂದ ಹಾವಿನಂತೆ ಬಳುಕುವ ಸೇತುವೆಯೊಂದು ರಸ್ತೆ ದಾಟಿಸಿ ಎರಡನೆಯ ಪಾರ್ಕಿಗೆ ಒಯ್ಯುತ್ತದೆ. ಏರು ಎಷ್ಟು ಮೆಲ್ಲಗಿದೆಯೆಂದರೆ ಗಾಲಿಕುರ್ಚಿಯವರೂ ಮಗುವಿನ ಗಾಡಿ ತಳ್ಳುವವರೂ ಸಲೀಸಾಗಿ ಹೋಗಬಹುದು. ಮಂಡಿನೋವಿನವರಿಗೂ ಅಷ್ಟೇ!

ಈ ಪಾರ್ಕಿಗೆ ಒಬ್ಬ ಹೆಣ್ಣುಮಗಳ ಹೆಸರು: ಮ್ಯಾಗಿ ಡೇಲಿ. ಇಪ್ಪತ್ತೆರಡು ವರ್ಷ ಮೇಯರ್ ಆಗಿದ್ದ ರಿಚರ್ಡ್ ಎಂ. ಡೇಲಿಯವರ ಹೆಂಡತಿ. ಶಾಲೆ ಬಿಟ್ಟ ಮೇಲೆ ಹದಿಹರೆಯದವರು ಬೀದಿ ಪಾಲಾಗದೆ ಏನಾದರೂ ಕಲಿಯಲಿ ಅಂತ ದುಡಿದವರು. 2011ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಪಾರ್ಕ್ ತೆರೆದದ್ದು 2014ರ ಡಿಸೆಂಬರಿನಲ್ಲಿ, ಸುಮಾರು 20 ಎಕರೆ. ಇದರ ಕೆಳಗೂ ಕಾರು ನಿಲ್ಲಿಸುವ ಕಟ್ಟಡವೇ. ಗುಡ್ಡ ಮಾಡಲು ಬರೀ ಮಣ್ಣು ಸುರಿದರೆ ತಾರಸಿಗೆ ಭಾರ. ಅದಕ್ಕೆ ಥರ್ಮೊಕೋಲ್ ಥರದ ಹಗುರ ದಿಮ್ಮಿಗಳನ್ನು ಜೋಡಿಸಿ ಮೇಲೆ ಮಣ್ಣು ಹಾಕಿದ್ದಾರೆ. ಹೇಗಿದೆ ಉಪಾಯ? ಹಡಗಿನಾಕಾರದ ಆಟದ ಜಾಗ, ಎತ್ತರದ ಜಾರುಬಂಡೆ, ತೂಗುಸೇತುವೆ, ತೀರಾ ಚಿಕ್ಕವರಿಗೆ ಬೇರೆ ಜಾಗ, ಬಿದ್ದರೆ ಪೆಟ್ಟಾಗದ ಮೆತ್ತನೆ ನೆಲ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಉದ್ದದ ಹಾದಿಯೂ ಉಂಟು. ಎರಡೂ ಪಾರ್ಕಿಗೆ ಟಿಕೇಟಿಲ್ಲ.

ಎಲ್ಲ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತದೆ. 2022ರ ಮೇ ತಿಂಗಳಲ್ಲಿ ಆ ಉಕ್ಕಿನ ಕಾಳಿನ ಹತ್ತಿರ ಗುಂಡು ಹಾರಿ ಹದಿನಾರರ ಹುಡುಗನೊಬ್ಬ ಸತ್ತ. ಆಮೇಲೆ ವಾರಾಂತ್ಯದ ಸಂಜೆಗಳಲ್ಲಿ ದೊಡ್ಡವರಿಲ್ಲದೆ ಹದಿಹರೆಯದವರು ಮಿಲೆನಿಯಂ ಪಾರ್ಕಿಗೆ ಬರಬಾರದೆಂಬ ನಿಯಮ ತಂದರು. ಪಾರ್ಕ್ ಎಷ್ಟು ಚೆನ್ನಾಗಿದ್ದರೂ ಊರಿನ ದುಃಖ ಬೇಲಿಯಾಚೆ ನಿಲ್ಲುವುದಿಲ್ಲ.

ಹೋಗುವವರಿಗೆ ಎರಡು ಮಾತು. ಕಾರಂಜಿಯ ನೀರು ಬೇಸಿಗೆಯ ಕಾಲದಲ್ಲಿ ಮಾತ್ರ, ಸುಮಾರು ಮೇಯಿಂದ ಅಕ್ಟೋಬರ್‌ವರೆಗೆ. ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ, ಟವೆಲು, ಸುತ್ತಿದ ಚಪಾತಿ ಪಲ್ಯ ಮರೆಯಬೇಡಿ.

ಮನೆಯಲ್ಲೇ ಇರುವವರಿಗೆ ಒಂದು ಮಾತು. ಅಷ್ಟು ದುಡ್ಡು ನಮ್ಮ ಊರಿನ ಪುರಸಭೆಯಲ್ಲಿಲ್ಲ, ಸರಿ. ಆದರೆ ಮಗು ಆಡುವುದು ಕಾಣುವ ಹಾಗೆ ನೆರಳಿನಲ್ಲಿ ಒಂದು ಬೆಂಚು, ಹೆಂಗಸರಿಗೊಂದು ಶುಚಿಯಾದ ಶೌಚಾಲಯ, ಮಕ್ಕಳು ಕೈಯಾಡಿಸಲು ಒಂದಿಷ್ಟು ನೀರು, ಇದಕ್ಕೆ ಕೋಟಿ ಬೇಕಿಲ್ಲ. "ಹುಲ್ಲಿನ ಮೇಲೆ ನಡೆಯಬೇಡಿ" ಅನ್ನುವ ಹಲಗೆ ತೆಗೆಯಲು ಕಾಸೂ ಬೇಡ. ಮುಂದಿನ ಸಲ ನಿಮ್ಮ ವಾರ್ಡಿನ ಸದಸ್ಯರು ಮನೆ ಬಾಗಿಲಿಗೆ ಬಂದಾಗ ಒಂದು ಲೋಟ ಕಾಫಿ ಕೊಟ್ಟು ಇಷ್ಟನ್ನೂ ಕೇಳಿಬಿಡಿ. ಏನಂತೀರಿ?