ಕೈಚೀಲದ ಲೆಕ್ಕ

ಚಳ್ಳಕೆರೆ ಸೀಮೆಯವರಿಗೆ ಚೀಲವೆಂದೊಡನೆ ನೆನಪಾಗುವುದು ಶೇಂಗಾ ತುಂಬಿದ ಗೋಣಿಚೀಲ. ಸುಗ್ಗಿ ಮುಗಿದ ಮೇಲೆ ಅದನ್ನು ಕೊಡವಿ, ಮಡಿಚಿ ಅಟ್ಟದ ಮೇಲಿಡುತ್ತಿದ್ದರು. ಹರಿದರೆ ದಬ್ಬಳದಿಂದ ಹೊಲಿಯುತ್ತಿದ್ದರು. ಹೊಲಿಗೆಯೂ ನಿಲ್ಲದಂತಾದಾಗ ಅದು ಬಾಗಿಲಲ್ಲಿ ಕಾಲೊರಸಾಗುತ್ತಿತ್ತು. ಸಂತೆಯ ಕೈಚೀಲವಾದರೋ ಹಳೆಯ ಪ್ಯಾಂಟಿನ ಬಟ್ಟೆಯದು. ಇದನ್ನು ಯಾರೂ ಪರಿಸರ ರಕ್ಷಣೆ ಎಂದು ಕರೆಯಲಿಲ್ಲ. ವಸ್ತುವಿಗೆ ಬೆಲೆಯಿತ್ತು, ಅಷ್ಟೆ.

ಆಮೇಲೆ ಪ್ಲಾಸ್ಟಿಕ್ ಚೀಲ ಬಂದಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು. ಕೇಂದ್ರದ ನಿಯಮದಂತೆ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲ ನಿಷಿದ್ಧ. ಆದರೂ ಗಾಳಿಗೆ ಹಾರಿದ ಚೀಲಗಳು ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿರುವುದನ್ನು ಮೊಳಕಾಲ್ಮೂರಿನ ದಾರಿಯಲ್ಲಿ ಇಂದಿಗೂ ಕಾಣಬಹುದು. ದನ ನುಂಗಿದ ಪ್ಲಾಸ್ಟಿಕ್ ಕರಗದು, ಹೊರಕ್ಕೂ ಹೋಗದು. ಹೊಟ್ಟೆಯಲ್ಲೇ ಗಂಟಾಗಿ ಮೇವಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಮ್ಯಾಸಬೇಡರು ದೇವರ ಎತ್ತುಗಳೆಂದು ಭಕ್ತಿಯಿಂದ ಸಾಕುವ ಹಿಂಡುಗಳು ಮೇಯುವುದೂ ಇದೇ ಬಯಲುಗಳಲ್ಲಿ.

ಹಾಗಾದರೆ ಬಟ್ಟೆಯ ಚೀಲ ನಿರ್ದೋಷಿಯೇ? ಡೆನ್ಮಾರ್ಕ್ ದೇಶದ ಪರಿಸರ ಇಲಾಖೆ 2018ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಹೊಸ ಹತ್ತಿಯ ಚೀಲವೊಂದು ಹವಾಮಾನದ ದೃಷ್ಟಿಯಿಂದ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಅದನ್ನು 52 ಬಾರಿ ಬಳಸಬೇಕು. ನೀರು, ಓಜೋನ್ ಪದರ ಮೊದಲಾದ ಎಲ್ಲವನ್ನೂ ಪರಿಗಣಿಸಿದರೆ 7,100 ಬಾರಿ! ವಾರದ ಸಂತೆಗೊಮ್ಮೆ ಒಯ್ದರೆ ಮೊದಲ ಲೆಕ್ಕ ಒಂದೇ ವರ್ಷದಲ್ಲಿ ತೀರುತ್ತದೆ. ಎರಡನೆಯದಕ್ಕೆ 136 ವರ್ಷಗಳು ಬೇಕು. ಹತ್ತಿ ಬೆಳೆಯಲು ನೀರು, ಗೊಬ್ಬರ, ಕೀಟನಾಶಕ ಎಲ್ಲವೂ ಬೇಕಲ್ಲವೇ? ನೀರಿನ ಬೆಲೆಯನ್ನು ನಮ್ಮ ಬರದ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಲೆಕ್ಕ ಡೆನ್ಮಾರ್ಕಿನದು. ಅಲ್ಲಿ ಬಳಸಿದ ಚೀಲವನ್ನು ಕಸದೊಡನೆ ಸುಟ್ಟು ಶಾಖ, ವಿದ್ಯುತ್ತು ಪಡೆಯುತ್ತಾರೆ. ಬಯಲಿಗೆ ಹಾರಿದ ಚೀಲವೂ ದನದ ಹೊಟ್ಟೆಯೂ ಆ ಲೆಕ್ಕದಲ್ಲಿಲ್ಲ. ಹಳೆಯ ಬಟ್ಟೆಯಿಂದ ಹೊಲಿದ ಚೀಲಕ್ಕೂ ಆ ಸಂಖ್ಯೆ ಹೊಂದದು. ಅದಕ್ಕಾಗಿ ಹೊಸದಾಗಿ ಹತ್ತಿಯನ್ನು ಬೆಳೆದಿರುವುದಿಲ್ಲ. ಆದುದರಿಂದ ಇಲ್ಲಿ ಪ್ಲಾಸ್ಟಿಕ್ ಚೀಲವನ್ನು ಬಿಡುವುದೇ ಸರಿ. ಹೊಸ ಬಟ್ಟೆಚೀಲಗಳನ್ನು ಕೂಡಿಹಾಕುವುದು ಮಾತ್ರ ಸರಿಯಲ್ಲ.

ಈ ಮಾತನ್ನು ನಿಮಗೇ ಹೇಳಲು ಕಾರಣವಿದೆ. ನಿಮ್ಮ ಮದುವೆ, ಗೃಹಪ್ರವೇಶ, ನಾಮಕರಣಗಳಲ್ಲಿ ಪ್ರೀತಿಯಿಂದ ಕೊಟ್ಟ ತಾಂಬೂಲದ ಚೀಲಗಳು ನಮ್ಮ ಮನೆಯಲ್ಲಿ ಮೂವತ್ತಕ್ಕೂ ಹೆಚ್ಚಿವೆ. ಕೆಲವು ಹತ್ತಿಯವು, ಕೆಲವು ಬಟ್ಟೆಯಂತೆ ಕಂಡರೂ ನಿಜವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಮೂವತ್ತು ಹತ್ತಿಚೀಲಗಳೆಂದೇ ಹಿಡಿದು, ವಾರಕ್ಕೊಂದು ಬಾರಿಯಂತೆ ಒಂದೊಂದನ್ನೂ 52 ಸಲ ಒಯ್ಯಲು ಮೂವತ್ತು ವರ್ಷ ಬೇಕು. ಅರವತ್ತು ದಾಟಿದ ನನ್ನಿಂದ ಈ ಸಾಲ ತೀರುವುದು ಕಷ್ಟ!

ಎಲೆ, ಅಡಿಕೆ, ತೆಂಗಿನಕಾಯಿಗಳನ್ನು ಬಂದವರ ಕೈಗೇ ಕೊಟ್ಟರೆ ಗೌರವಕ್ಕೆ ಕುಂದಿಲ್ಲ. ಮುಂದಿನ ಶುಭಕಾರ್ಯದ ಆಮಂತ್ರಣದಲ್ಲಿ “ಬರುವಾಗ ಕೈಚೀಲ ತನ್ನಿರಿ” ಎಂದು ಒಂದು ಸಾಲು ಸೇರಿಸಿರಿ. ನಾನು ಚೀಲ ಹಿಡಿದೇ ಬರುತ್ತೇನೆ.