ಮರಕೋತಿ ಕಲಿಸಿದ ವಿವೇಕ

ಹಳೆಯ ಮೈಸೂರು ಸೀಮೆಯಲ್ಲಿ ಗುಂಡುತೋಪು ಇಲ್ಲದ ಊರು ಒಂದು ಕಾಲಕ್ಕೆ ಅಪರೂಪವಾಗಿತ್ತು. ಹುಣಸೆ, ಮಾವು, ನೇರಳೆ, ಹೊಂಗೆ, ಬೇವು, ಆಲ ಮೊದಲಾದ ಮರಗಳು ಬೆಳೆದುನಿಂತ, ಯಾರೊಬ್ಬರ ಸ್ವಂತವೂ ಅಲ್ಲದ, ಊರಿಗೆಲ್ಲ ಸೇರಿದ ನೆಲವದು. ಕಂದಾಯ ದಾಖಲೆಗಳಲ್ಲಿ ಇಂದಿಗೂ ಆ ಹೆಸರು ಕಾಣಸಿಗುತ್ತದೆ; ಎಷ್ಟೋ ಕಡೆ ಹೆಸರು ಮಾತ್ರ ಉಳಿದು ಮರಗಳು ಹೋಗಿವೆ. ದಾರಿಹೋಕರಿಗೆ ನೆರಳು, ದನಕರುಗಳಿಗೆ ತಂಗುದಾಣ, ಊರಿನ ಕೂಟಗಳಿಗೆ ಜಾಗ ಎಂದು ಹಿರಿಯರು ಅದರ ಉಪಯೋಗಗಳನ್ನು ಎಣಿಸುತ್ತಿದ್ದರು. ಮಕ್ಕಳ ಪಾಲಿಗೆ ಅದು ಕಾಡು. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಶಾಲೆಗಿಂತ ಮೊದಲು ಪಾಠ ಹೇಳಿದ್ದು ಆ ಕಾಡೇ.

ಅಲ್ಲಿ ನಾವು ಆಡುತ್ತಿದ್ದ ಆಟ ಮರಕೋತಿ. ಇದನ್ನು ಓದುವ ನನ್ನ ವಿದ್ಯಾರ್ಥಿಗಳ ಮಕ್ಕಳಿಗೆ ಈ ಆಟದ ಪರಿಚಯ ಇರಲಾರದೆಂದು ವಿವರಿಸುತ್ತೇನೆ. ಮರದ ಬುಡದಲ್ಲಿ ಒಂದು ವೃತ್ತ ಬರೆದು ಅದರೊಳಗೆ ಒಂದು ಕೋಲನ್ನು ಇಡಬೇಕು. ಒಬ್ಬನು ಕಾಲೆತ್ತಿ, ತೊಡೆಯ ಕೆಳಗಿನಿಂದ ಆ ಕೋಲನ್ನು ಸಾಧ್ಯವಾದಷ್ಟು ದೂರ ಎಸೆಯುತ್ತಾನೆ. ಕಳ್ಳನಾದವನು ಓಡಿಹೋಗಿ ಅದನ್ನು ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಉಳಿದವರೆಲ್ಲ ಮರ ಏರಿಬಿಡಬೇಕು. ಅನಂತರ ಕಳ್ಳನು ಯಾರನ್ನಾದರೂ ಮುಟ್ಟಬೇಕು. ಮೇಲಿದ್ದವರು ಅವನ ಕೈಗೆ ಸಿಗದಂತೆ ಇಳಿದು ಬಂದು ಕೋಲನ್ನು ಮುಟ್ಟಬೇಕು. ಇಷ್ಟೇ ಆಟ. ಖರ್ಚು ಒಂದು ಕಾಸೂ ಇಲ್ಲ.

ಆದರೆ ಈ ಆಟ ಆಡುವವನಿಗೆ ಮರದ ಗುಣ ತಿಳಿದಿರಲೇಬೇಕು. ಹುಣಸೆಯ ಕೊಂಬೆ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ನೇರಳೆಯ ಕೊಂಬೆ ದಪ್ಪವಾಗಿ ಕಂಡರೂ ಸೂಚನೆಯೇ ಕೊಡದೆ ಮುರಿಯುತ್ತದೆ. ನುಗ್ಗೆಯ ಮಾತಂತೂ ಬೇಡ. ಹೊಗಳಿ ಉಬ್ಬಿಸುವುದಕ್ಕೆ ‘ನುಗ್ಗೆಮರ ಹತ್ತಿಸುವುದು’ ಎಂದು ನಮ್ಮ ಹಿರಿಯರು ಹೇಳಿರುವುದು ಸುಮ್ಮನೆ ಅಲ್ಲ. ಮಾವಿನ ಎಲೆಗಳನ್ನು ಹೊಲಿದು ಗೂಡು ಕಟ್ಟಿರುವ ಕಡೆಗೆ ಕೈ ಚಾಚಿದರೆ ಕೆಂಪಿರುವೆಗಳ ಸೈನ್ಯವೇ ಮೈಮೇಲೆ ಬರುತ್ತದೆ. ಮಳೆ ನಿಂತ ಮೇಲೆ ತೊಗಟೆ ಜಾರುತ್ತದೆ. ಬುಡದ ಹತ್ತಿರ ನಿಂತಾಗ ಅಲುಗಾಡದ ಕೊಂಬೆ, ತುದಿಗೆ ಸರಿದಂತೆಲ್ಲ ಅದೇ ಭಾರಕ್ಕೆ ಹೆಚ್ಚು ಬಾಗುತ್ತದೆ. ಮುಂದೆ ವಿಜ್ಞಾನದ ಅಧ್ಯಾಪಕನಾಗಿ ಸನ್ನೆಯ ತತ್ತ್ವವನ್ನು ಕಪ್ಪುಹಲಗೆಯ ಮೇಲೆ ವಿವರಿಸುವಾಗ, ಇದನ್ನು ನನ್ನ ಅಂಗಾಲುಗಳು ಎಂಟನೆಯ ವಯಸ್ಸಿಗೇ ಕಲಿತಿದ್ದವಲ್ಲ ಎಂದು ಅನಿಸುತ್ತಿತ್ತು.

ಈ ಕಲಿಕೆ ಬೆಲೆಯಿಲ್ಲದೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಜೊತೆಯ ಹುಡುಗನೊಬ್ಬ ಹಣ್ಣಿನ ಕಾಲದಲ್ಲಿ ನೇರಳೆಯ ಮರದಿಂದ ಬಿದ್ದು ಮುಂಗೈ ಮುರಿದುಕೊಂಡ. ನಾಟಿವೈದ್ಯರು ಕಟ್ಟು ಹಾಕಿದರು. ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಸೈನ್ಯಕ್ಕೆ ಸೇರಬೇಕೆಂಬ ಅವನ ಆಸೆ ಅಲ್ಲಿಗೆ ಮುಗಿಯಿತು. ಅಂದು ಸಂಜೆ ಊರ ಹಿರಿಯರು ಅರಳಿಕಟ್ಟೆಯ ಮೇಲೆ ಕುಳಿತು ಈ ಮಾತನ್ನೇ ಆಡಿದರು. ‘ನೇರಳೆ ಮರಕ್ಕೆ ಯಾರೂ ಹತ್ತಕೂಡದು, ಹಣ್ಣು ಬೇಕಾದರೆ ದೋಟಿಯಲ್ಲಿ ಕಿತ್ತುಕೊಳ್ಳಿ’ ಎಂಬ ಕಟ್ಟಪ್ಪಣೆ ಹೊರಟಿತು. ತೋಪಿಗೆ ಹೋಗಕೂಡದು ಎಂದು ಯಾರೂ ಹೇಳಲಿಲ್ಲ. ಆ ಹುಡುಗನ ತಂದೆಯೂ ಹೇಳಲಿಲ್ಲ. ಒಂದು ಮರಕ್ಕೂ ಇನ್ನೊಂದು ಮರಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿದರೆ ಸಾಕೆಂದು ಅವರು ಬಗೆದರು. ಆ ತೀರ್ಮಾನದ ಹಿಂದಿದ್ದ ಧೈರ್ಯ ಎಷ್ಟು ದೊಡ್ಡದೆಂಬುದು ನಾನೂ ತಂದೆಯಾದ ಮೇಲೆಯೇ ನನಗೆ ಅರ್ಥವಾದದ್ದು.

ಮೈಸೂರಿನಲ್ಲಿ ಬಿ.ಎಡ್. ಓದುವಾಗ ಫ್ರೊಬೆಲ್‌ನ ಹೆಸರು ಕೇಳಿದೆ. ಜರ್ಮನಿಯಲ್ಲಿ ಆತ ತನ್ನ ಶಿಶುಶಾಲೆಗೆ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೊಟ್ಟದ್ದು 1840ರಲ್ಲಿ. ಮಕ್ಕಳ ತೋಟ ಎಂಬುದು ಅದರ ಅರ್ಥ. ನಮ್ಮವರೇ ಆದ ಶಿವರಾಮ ಕಾರಂತರು ಪುತ್ತೂರಿನ ತಮ್ಮ ಪ್ರಯೋಗಭೂಮಿಗೆ ಬಾಲವನ ಎಂದು ಹೆಸರಿಟ್ಟರು. ಒಬ್ಬರಿಗೆ ತೋಟ, ಇನ್ನೊಬ್ಬರಿಗೆ ವನ! ಮಕ್ಕಳ ಕಲಿಕೆಗೂ ಮರಗಿಡಗಳಿಗೂ ಇರುವ ನಂಟನ್ನು ಇಬ್ಬರೂ ಹೆಸರಿನಲ್ಲಿಯೇ ಕಟ್ಟಿಟ್ಟರು. ಇಂದು ನಮ್ಮ ನಗರದ ಕಿಂಡರ್‌ಗಾರ್ಟನ್‌ಗಳ ಅಂಗಳದಲ್ಲಿ ಎಷ್ಟು ಮರಗಳಿವೆ ಎಂಬುದನ್ನು ಓದುಗರೇ ನೋಡಿ ಬರಬಹುದು.

ನಾರ್ವೆ ದೇಶದ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಅವರು 2007ರಲ್ಲಿ ಮಕ್ಕಳ ಅಪಾಯದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರಕ್ಕೆ ಏರುವುದು, ವೇಗ, ಹರಿತವಾದ ಸಲಕರಣೆಗಳು, ನೀರು ಬೆಂಕಿಗಳಂಥ ಅಪಾಯದ ತಾಣಗಳು, ಗುದ್ದಾಟ, ಮತ್ತು ಹಿರಿಯರ ಕಣ್ಣಿನಿಂದ ಮರೆಯಾಗುವುದು. ಈ ಪಟ್ಟಿಯನ್ನು ಓದಿ ನನಗೆ ನಗು ಬಂತು. ಬೇಸಿಗೆಯ ರಜೆಯ ಒಂದೇ ಮಧ್ಯಾಹ್ನದಲ್ಲಿ ನಾವು ಆರನ್ನೂ ಮುಗಿಸಿ ಊಟಕ್ಕೆ ಬರುತ್ತಿದ್ದೆವು. ಆದರೆ ಅಲ್ಲಿಯ ವಿದ್ವಾಂಸರು ಹೇಳುವ ಮಾತು ನಗುವಂಥದ್ದಲ್ಲ. ತನ್ನ ಅಳವಿನ ಅಪಾಯವನ್ನು ತಾನೇ ಅಳೆದು ನೋಡುವ ಅವಕಾಶದಿಂದ ಮಗು ಭಯವನ್ನು ನಿಭಾಯಿಸಲು ಕಲಿಯುತ್ತದೆ ಎಂಬುದು ಅವರ ವಾದ.

ನಾನು ಕೆಲಸ ಮಾಡಿದ ಶಾಲೆಯೊಂದರ ಮೈದಾನದ ಮೂಲೆಯಲ್ಲಿ ಹಳೆಯ ಹುಣಸೆಮರವಿತ್ತು. ಹಲವು ತಂಡಗಳ ವಿದ್ಯಾರ್ಥಿಗಳಿಗೆ ಅದರ ನೆನಪಿರಬೇಕು. ಶನಿವಾರ ತರಗತಿಗಳು ಮುಗಿದ ಮೇಲೆ ಬಯಸಿದವರು ಹತ್ತಬಹುದಿತ್ತು. ನನ್ನ ನಿಯಮಗಳು ಮೂರು. ಮರ ಒದ್ದೆಯಾಗಿದ್ದರೆ ಹತ್ತುವಂತಿಲ್ಲ. ಒಂದು ಕೊಂಬೆಯಲ್ಲಿ ಇಬ್ಬರು ಇರುವಂತಿಲ್ಲ. ಯಾರನ್ನೂ ಯಾರೂ ಎತ್ತಿ ಕೂರಿಸುವಂತಿಲ್ಲ. ಮೂರನೆಯದೇ ಮುಖ್ಯ. ತನ್ನ ಕೈಕಾಲುಗಳ ಬಲದಿಂದ ಏರಿದ ಎತ್ತರದಿಂದ ಇಳಿಯುವುದು ಮಗುವಿಗೆ ಬಹುಮಟ್ಟಿಗೆ ಸಾಧ್ಯ. ಬೇರೆಯವರು ಏರಿಸಿದ ಎತ್ತರದಿಂದ ಇಳಿಯುವುದು ಕಷ್ಟ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡಾಳೆತ್ತರಕ್ಕೆ ಹೋಗಿ ಹೆದರಿ ಕೊಂಬೆಯನ್ನು ತಬ್ಬಿಕೊಂಡುಬಿಟ್ಟ. ಏಣಿ ತರಲೇ ಎಂದು ಜವಾನ ಓಡಿಬಂದ. ಬೇಡವೆಂದು ನಾನು ಕೆಳಗೆ ನಿಂತು, ‘ಬಲಗಾಲು ಎಲ್ಲಿಟ್ಟು ಹತ್ತಿದೆಯೋ ಅಲ್ಲಿಗೇ ಇಡು, ನಿಧಾನ’ ಎಂದು ಹೇಳುತ್ತಾ ಹೋದೆ. ಕಾಲು ಗಂಟೆ ಹಿಡಿಯಿತು. ನೆಲ ಮುಟ್ಟಿದ ಮೇಲೆ ಅವನು ಅತ್ತ, ಯಾರೂ ನಗಲಿಲ್ಲ. ಮುಂದಿನ ಶನಿವಾರ ಅವನೇ ಮೊದಲು ಬಂದಿದ್ದ, ಆದರೆ ಒಂದಾಳೆತ್ತರಕ್ಕೆ ಏರಿ ಅಲ್ಲಿಯೇ ನಿಂತ. ಅದನ್ನು ಅಂಜಿಕೆ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಅದು ವಿವೇಕ.

ಇಂದಿನ ತಾಯಿತಂದೆಯರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2022ರ ಕೊನೆಯಲ್ಲಿ ಮತ್ತು 2023ರ ಆರಂಭದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಜನ ಬಲಿಯಾದರು. ಅವರಲ್ಲಿ ಒಬ್ಬ ಶಾಲಾಬಾಲಕನೂ ಇದ್ದ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣದಲ್ಲಿಯೇ ಚಿರತೆ ಕಾಣಿಸಿಕೊಂಡಿತು. ಹೀಗಿರುವಾಗ ಚಾಮುಂಡಿ ಬೆಟ್ಟದ ಪೊದೆಗಳ ನಡುವೆ ಮಕ್ಕಳನ್ನು ಆಡಲು ಬಿಡಿ ಎಂದು ಯಾವ ಬಾಯಿಂದ ಹೇಳಲಿ? ನಮ್ಮ ನಗರದ ಪುಣ್ಯಕ್ಕೆ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳ ದಂಡೆಯಲ್ಲಿ ಮರಗಳಿವೆ, ಹಕ್ಕಿಗಳಿವೆ. 1892ರಲ್ಲಿ ಸ್ಥಾಪನೆಯಾದ ನಮ್ಮ ಮೃಗಾಲಯವೂ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳನ್ನು ನಡೆಸುತ್ತಾ ಬಂದಿದೆ. ಇವೆಲ್ಲ ಬಹಳ ಒಳ್ಳೆಯವು. ಆದರೆ ಇವು ನೋಡುವ ಕಾಡುಗಳು. ಹತ್ತುವ, ಇಳಿಯುವ, ಮೈ ಕೈ ತರಚಿಕೊಳ್ಳುವ ಆಡುವ ಕಾಡು ಮಕ್ಕಳ ಪಾಲಿಗೆ ಎಲ್ಲೂ ಉಳಿದಿಲ್ಲವಲ್ಲ ಎಂಬುದೇ ನನ್ನ ಚಿಂತೆ.

ಕಳೆದ ಬೇಸಿಗೆಯಲ್ಲಿ ಒಂಬತ್ತು ವರ್ಷದ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಊರಿನ ತೋಪಿನಲ್ಲಿ ಉಳಿದಿರುವ ನಾಲ್ಕಾರು ಹುಣಸೆಮರಗಳ ಬಳಿಗೆ ಕರೆದೊಯ್ದೆ. ‘ಅಪ್ಪಾ, ಬಿದ್ದರೆ ಏನು ಗತಿ?’ ಎಂದು ಮಗಳು ತಡೆದಳು. ‘ಬೀಳಬಹುದಮ್ಮ’ ಎಂದೆ, ಬೀಳುವುದಿಲ್ಲವೆಂದು ಭರವಸೆ ಕೊಡುವುದು ಸುಳ್ಳಾಗುತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದು ಮಗಳು ಕೊನೆಗೆ, ‘ಎರಡನೆಯ ಕವೆಯವರೆಗೆ ಮಾತ್ರ’ ಎಂದಳು. ಮಗು ಮೊದಲ ಕವೆಯಲ್ಲಿ ಕುಳಿತು, ಮೇಲಿನ ಕೊಂಬೆಯನ್ನು ಅಲ್ಲಾಡಿಸಿ ನೋಡಿ, ‘ತಾತಾ, ಇದು ಬೇಡ, ಆ ಕಡೆಯದು ಗಟ್ಟಿ’ ಎಂದಿತು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಬರಹವನ್ನು ಓದುವ ನಿಮ್ಮಲ್ಲಿ ಹಲವರು ಈಗ ಶಾಲೆಗಳಲ್ಲಿದ್ದೀರಿ, ಕೆಲವರು ಬಡಾವಣೆಗಳ ಸಂಘಗಳಲ್ಲಿದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ನಿಮ್ಮ ಮೈದಾನದಲ್ಲೋ ಉದ್ಯಾನದಲ್ಲೋ ಗಟ್ಟಿಯಾದ ಒಂದು ಮರವನ್ನು ಮಕ್ಕಳಿಗೆಂದು ಬಿಟ್ಟುಕೊಡಿ. ಕೆಳಗೆ ಒಬ್ಬರು ಹಿರಿಯರು ಇರಲಿ, ಆದಷ್ಟು ಬಾಯಿ ಮುಚ್ಚಿಕೊಂಡಿರಲಿ. ಮರವೇ ಇಲ್ಲದಿದ್ದರೆ ಈ ಮಳೆಗಾಲದಲ್ಲಿ ಒಂದು ಹುಣಸೆಯ ಸಸಿ ನೆಡಿ. ಅದು ಭಾರ ಹೊರುವಷ್ಟರಲ್ಲಿ ನಿಮ್ಮ ಮೊಮ್ಮಕ್ಕಳು ಹತ್ತುವ ವಯಸ್ಸಿಗೆ ಬಂದಿರುತ್ತಾರೆ.