ಬೈದವರನ್ನು ಸಾಕಿಕೊಂಡ ಬೆಟ್ಟದೂರು

ಬಂದ ನೆಂಟರು ಉಂಡು, ಕೈ ತೊಳೆದು, ಬಸ್ಸು ಹತ್ತಿದ ಮೇಲೆ ಸಾರಿಗೆ ಉಪ್ಪೇ ಇರಲಿಲ್ಲ ಅಂತ ಹೇಳಿಕೊಂಡು ತಿರುಗುವುದು ಎಲ್ಲ ಊರಲ್ಲೂ ಇದ್ದದ್ದೇ. ಮನೆಯವರು ಅದನ್ನು ಕೇಳಿ ನಾಲ್ಕು ದಿನ ಮುಖ ಗಂಟಿಕ್ಕಿಕೊಂಡು, ಐದನೆಯ ದಿನ ಮರೆಯುತ್ತಾರೆ. ಆದರೆ ನೆಂಟರು ಬೈದದ್ದನ್ನೇ ಹಲವು ಭಾಷೆಗಳಲ್ಲಿ ಅಚ್ಚು ಹಾಕಿಸಿ, ಅಂಗಡಿ ಬಾಗಿಲಲ್ಲಿ ಪೇರಿಸಿ ಮಾರುವ ಊರೊಂದಿದೆ. ಮೆಡಿಟರೇನಿಯನ್ ಸಮುದ್ರದ ನಡುವೆ, ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ವಾಲ್ದೆಮೋಸಾ. ಬೈದಾಕೆ ಫ್ರೆಂಚ್ ಕಾದಂಬರಿಗಾರ್ತಿ ಜಾರ್ಜ್ ಸಾಂಡ್. ‘ಮಯೋರ್ಕಾದಲ್ಲಿ ಒಂದು ಚಳಿಗಾಲ’ ಎಂಬ ಆಕೆಯ ಪುಸ್ತಕ ಬಂದದ್ದು 1842ರಲ್ಲಿ. ಅದರಲ್ಲಿ ಬೆಟ್ಟ, ಗಾಳಿ, ಆಕಾಶಗಳಿಗೆ ಹೊಗಳಿಕೆ ಧಾರಾಳ. ಜನರ ವಿಷಯ ಬಂದಾಗ ಮಾತ್ರ ಲೇಖನಿ ಚಾಟಿಯಾಗುತ್ತದೆ. ಆ ಜನರ ಮರಿಮಕ್ಕಳ ಮರಿಮಕ್ಕಳು ಈಗ ಅದೇ ಪುಸ್ತಕವನ್ನು ಕಾಗದದ ಚೀಲಕ್ಕೆ ಹಾಕಿ, ಚಿಲ್ಲರೆ ಎಣಿಸಿ, ನಗುತ್ತಾ ಕೊಡುತ್ತಾರೆ.

ದ್ವೀಪದ ರಾಜಧಾನಿ ಪಾಲ್ಮಾ. ಅಲ್ಲಿಂದ 17–18 ಕಿಲೋಮೀಟರ್, ಬಸ್ಸಿನಲ್ಲಿ ಅರ್ಧ ಗಂಟೆ. ಮೊದಲು ಬಯಲು, ಬಾದಾಮಿ ತೋಟ. ಆಮೇಲೆ ಬೆಟ್ಟ ಎರಡೂ ಕಡೆಯಿಂದ ಹತ್ತಿರ ಬಂದು ರಸ್ತೆಯನ್ನು ಹಿಂಡುತ್ತದೆ. ನಾಲ್ಕು ತಿರುವು ಕಳೆದರೆ ಸುಮಾರು 400 ಮೀಟರ್ ಎತ್ತರದಲ್ಲಿ ಊರು ಎದುರಿಗೆ ನಿಂತಿರುತ್ತದೆ. ಜೇನು ಬಣ್ಣದ ಕಲ್ಲಿನ ಮನೆಗಳು, ಹಸಿರು ಮರದ ಕಿಟಕಿ ಬಾಗಿಲುಗಳು, ಗೋಡೆಗೆ ತಗುಲಿಸಿದ ಹೂಕುಂಡಗಳು. ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಕ್ಯಾಲೆಂಡರ್ ಚಿತ್ರಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಚಂದದ ಊರುಗಳ ತೊಂದರೆಯೇ ಅದು. ಹೋದ ಐದು ನಿಮಿಷಕ್ಕೆ ಎಲ್ಲ ಮೊದಲೇ ನೋಡಿದ ಹಾಗಾಗಿ, ಕೈ ತಾನಾಗಿ ಫೋನಿಗೆ ಹೋಗುತ್ತದೆ. ಆ ಊರಿನ ಜಗಳಗಳು ತಿಳಿದರೆ ಮಾತ್ರ ಕೈ ಜೇಬಿನಲ್ಲೇ ಉಳಿಯುತ್ತದೆ.

ವಾಲ್ದೆಮೋಸಾದಲ್ಲಿ ಜಗಳಕ್ಕೆ ಬರವಿಲ್ಲ.

1838ರ ನವೆಂಬರಿನಲ್ಲಿ ಜಾರ್ಜ್ ಸಾಂಡ್ ಪಾಲ್ಮಾದಲ್ಲಿ ಇಳಿದಾಗ ಜೊತೆಗೆ ಇಬ್ಬರು ಮಕ್ಕಳಿದ್ದರು, ಮತ್ತು ಮಕ್ಕಳ ತಂದೆಯಲ್ಲದ ಒಬ್ಬ ಗಂಡಸಿದ್ದ. ಪೋಲೆಂಡಿನ ಸಂಗೀತಗಾರ ಫ್ರೆಡರಿಕ್ ಶೋಪಾನ್. ವಯಸ್ಸು 28, ಎದೆಯಲ್ಲಿ ಕೆಮ್ಮು. ಪ್ಯಾರಿಸ್ಸಿನ ಚಳಿ ಬೇಡ, ಬಿಸಿಲಿನ ದ್ವೀಪಕ್ಕೆ ಹೋದರೆ ಆರೋಗ್ಯ ಸುಧಾರಿಸುತ್ತದೆ ಎಂಬ ಲೆಕ್ಕಾಚಾರ. ಮಳೆಗಾಲ ಅಂದರೆ ಜೂನ್ ಎನ್ನುವ ನಮ್ಮ ಪಂಚಾಂಗ ಅಲ್ಲಿ ತಲೆಕೆಳಗು: ಬೇಸಿಗೆಯಲ್ಲಿ ಮಳೆ ಅಪರೂಪ, ಬಹುಪಾಲು ಬರುವುದು ಬೇಸಿಗೆ ಕಳೆದು ಚಳಿ ಹತ್ತಿರವಾದ ಮೇಲೆ. ಮೊದಲ ದಿನಗಳಲ್ಲಿ ಶೋಪಾನ್ ಗೆಳೆಯನಿಗೆ ಬರೆದ ಕಾಗದದಲ್ಲಿ ತಾಳೆಮರ, ಕಿತ್ತಳೆ, ನೀಲಿ ಆಕಾಶ ಎಲ್ಲ ಇದೆ. ಆಮೇಲೆ ಮಳೆ ಹಿಡಿಯಿತು. ಬಾಡಿಗೆ ಮನೆಯ ಗೋಡೆ ನೀರು ಕುಡಿದು ಉಬ್ಬಿತು, ಕೆಮ್ಮು ಹೆಚ್ಚಾಯಿತು. ಮೂವರು ವೈದ್ಯರು ಬಂದು ನೋಡಿದರು. ಒಬ್ಬನ ಪ್ರಕಾರ ರೋಗಿ ಸಾಯುತ್ತಾನೆ, ಇನ್ನೊಬ್ಬನ ಪ್ರಕಾರ ಸಾಯುತ್ತಿದ್ದಾನೆ, ಮೂರನೆಯವನ ಪ್ರಕಾರ ಆಗಲೇ ಸತ್ತಿದ್ದಾನೆ. ಇದು ನನ್ನ ತಮಾಷೆಯಲ್ಲ, ಶೋಪಾನನೇ ಕಾಗದದಲ್ಲಿ ಹೀಗೆ ಮೂವರನ್ನೂ ವಿಲೇವಾರಿ ಮಾಡಿದ್ದಾನೆ.

ಕ್ಷಯ ಎಂದು ಸುದ್ದಿ ಹಬ್ಬಿದ ಮೇಲೆ ಮನೆಯೊಡೆಯ ಸುಮ್ಮನಿದ್ದಾನೆಯೇ? ಖಾಲಿ ಮಾಡಿ ಅಂದ. ಗೋಡೆಗೆ ಸುಣ್ಣ ಬಳಿಸುವ ಖರ್ಚು, ಸುಡಬೇಕಾದ ಹಾಸಿಗೆಯ ಬೆಲೆ ಎರಡನ್ನೂ ಕಿತ್ತುಕೊಂಡ. ಸಾಂಡ್‌ಗೆ ಉರಿದದ್ದು ಸಹಜ. ಆದರೆ ಕ್ಷಯ ಅಂಟುರೋಗವೆಂದು ಪ್ಯಾರಿಸ್ಸಿನ ದೊಡ್ಡ ವೈದ್ಯರೇ ಒಪ್ಪದ ಕಾಲದಲ್ಲಿ, ಅದು ಅಂಟುತ್ತದೆ ಎಂದು ನಂಬಿ ಹೆದರಿದ್ದು ಈ ‘ಹಿಂದುಳಿದ’ ದ್ವೀಪದವರು. 1882ರಲ್ಲಿ ರೋಬರ್ಟ್ ಕೋಖ್ ರೋಗಾಣುವನ್ನು ತೋರಿಸಿದಾಗ ಗೆದ್ದದ್ದು ಮನೆಯೊಡೆಯನ ಪಕ್ಷವೇ. ಹಾಸಿಗೆಯ ಬೆಲೆ ಜಾಸ್ತಿ ಹೇಳಿದನೋ ಏನೋ, ಅದು ಬೇರೆ ಪ್ರಶ್ನೆ.

ಹೀಗೆ ಬೀದಿಗೆ ಬಿದ್ದ ಸಂಸಾರ ಡಿಸೆಂಬರಿನ ನಡುವೆ ಬೆಟ್ಟ ಹತ್ತಿ ವಾಲ್ದೆಮೋಸಾದ ಮಠ ಸೇರಿತು. 1399ರಲ್ಲಿ ಅರಗಾನಿನ ದೊರೆ ಮಾರ್ಟಿನ್ ತನ್ನ ಅರಮನೆಯನ್ನು ಮೌನವ್ರತದ ಕಾರ್ತೂಸಿಯನ್ ಸನ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದ. 1835ರಲ್ಲಿ ಸ್ಪೇನಿನ ಸರಕಾರ ಮಠಗಳ ಆಸ್ತಿ ಕಿತ್ತುಕೊಂಡಾಗ ಸನ್ಯಾಸಿಗಳು ಹೊರಬಿದ್ದರು, ಕೋಣೆಗಳು ಬಾಡಿಗೆಗೆ ಸಿಕ್ಕವು. ಕೋಣೆ ಎಂದರೆ ಜೈಲಿನ ಕೋಣೆಯ ಹಾಗೆ ಎಂದುಕೊಂಡು ಹೋದರೆ ಆಶ್ಚರ್ಯವಾಗುತ್ತದೆ. ಒಬ್ಬೊಬ್ಬ ಸನ್ಯಾಸಿಗೂ ಕಮಾನು ಚಾವಣಿಯ ಮೂರು ಕೋಣೆ, ಹಿಂದೆ ಸ್ವಂತದ ಒಂದು ತೋಟ, ತೋಟದ ಕಟ್ಟೆಯಿಂದ ಕೆಳಗೆ ಪೂರಾ ಕಣಿವೆ. ಮಾತಾಡುವುದನ್ನು ಬಿಟ್ಟರೆ ಇಷ್ಟು ಜಾಗ ಸಿಗುತ್ತದೆ ಎಂದಾದರೆ ನಮ್ಮಲ್ಲಿ ಅನೇಕರು ಯೋಚನೆ ಮಾಡಬಹುದು. ನನ್ನಿಂದಾಗದು.

ಮಠದ ಔಷಧ ಅಂಗಡಿ ಇನ್ನೂ ಹಾಗೆಯೇ ಇದೆ. ಮರದ ಕಪಾಟು, ಸಾಲು ಜಾಡಿಗಳು. ಎಲ್ಲರೂ ಹೋದ ಮೇಲೂ ಔಷಧ ಅರೆಯುವ ಒಬ್ಬ ಸನ್ಯಾಸಿ ಉಳಿದುಕೊಂಡಿದ್ದನಂತೆ. ತನ್ನಲ್ಲಿದ್ದ ಒಂದೆರಡು ಬೇರುಗಳನ್ನು ಬಂಗಾರದ ಬೆಲೆಗೆ ಮಾರಿದ ಎಂದು ಸಾಂಡ್ ಅವನನ್ನೂ ಬಿಟ್ಟಿಲ್ಲ. ಊರವರಿಗೋ ಈಕೆಯೇ ದೊಡ್ಡ ಪ್ರಶ್ನೆ. ಹೆಸರು ಗಂಡಸಿನದು, ಕೈಯಲ್ಲಿ ಚುಟ್ಟಾ, ಭಾನುವಾರ ಚರ್ಚಿಗೆ ಬರುವುದಿಲ್ಲ, ರಾತ್ರಿಯೆಲ್ಲ ಕೂತು ಬರೆಯುತ್ತಾಳೆ. ಇಂಥವರಿಗೆ ಮೊಟ್ಟೆ ಮಾರುವಾಗ ಎರಡು ಕಾಸು ಹೆಚ್ಚು ಹೇಳುವುದನ್ನು ಯಾವ ಹಳ್ಳಿಯೂ ಅಧರ್ಮವೆಂದು ತಿಳಿಯುವುದಿಲ್ಲ.

ಈಗ ಪಿಯಾನೋ ವಿಷಯ. ಪ್ಯಾರಿಸ್ಸಿನ ಪ್ಲೆಯೆಲ್ ಕಂಪನಿಯಿಂದ ಶೋಪಾನ್ ಒಂದು ಸಣ್ಣ ಪಿಯಾನೋ ತರಿಸಿದ್ದ. ಅದು ಪಾಲ್ಮಾದ ಸುಂಕದಕಟ್ಟೆಯಲ್ಲಿ ಸಿಕ್ಕಿಹಾಕಿಕೊಂಡಿತು. ಸುಂಕದವರು ಕೇಳಿದ ಹಣ ವಾದ್ಯದ ಬೆಲೆಗೆ ಸಮೀಪ; ಚೌಕಾಸಿ ಮುಗಿದು ಅದು ಬೆಟ್ಟ ಹತ್ತುವಷ್ಟರಲ್ಲಿ ಜನವರಿ ಬಂದಿತ್ತು. ಅಲ್ಲಿಯವರೆಗೆ ಊರಲ್ಲಿ ಸಿಕ್ಕಿದ ಹಳೆಯ ಡಬ್ಬಾ ಪಿಯಾನೋದಲ್ಲೇ ಕೆಲಸ. ಪ್ರಸಿದ್ಧವಾದ 24 ಪ್ರೆಲ್ಯೂಡ್‌ಗಳು ಮುಗಿದದ್ದು ಆ ಚಳಿಗಾಲದಲ್ಲೇ. ಫೆಬ್ರವರಿಯಲ್ಲಿ ಎಲ್ಲರೂ ಊರು ಬಿಟ್ಟರು. ಪ್ಲೆಯೆಲ್ ಪಿಯಾನೋವನ್ನು ಪಾಲ್ಮಾದಲ್ಲೇ ಮಾರಿದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಠದ ಕೋಣೆಗಳು ಹರಾಜಾಗಿ ಬೇರೆ ಬೇರೆ ಮನೆತನಗಳ ಪಾಲಾಗಿದ್ದವು. ಎರಡನೆಯ ನಂಬರಿನ ಕೋಣೆಯವರು ಶೋಪಾನ್ ನಮ್ಮಲ್ಲಿದ್ದ, ಇದೇ ಅವನ ಪಿಯಾನೋ ಎಂದರು. ನಾಲ್ಕನೆಯ ನಂಬರಿನವರು ಅಲ್ಲ, ನಮ್ಮದು ಎಂದರು. ಎರಡು ಕಡೆಯೂ ಪಿಯಾನೋ, ಎರಡು ಕಡೆಯೂ ಭಕ್ತರು. ಕೊನೆಗೆ ಪ್ರಕರಣ ಪಾಲ್ಮಾದ ನ್ಯಾಯಾಲಯಕ್ಕೆ ಹೋಗಿ 2011ರಲ್ಲಿ ತೀರ್ಪು ಬಂತು: ನಾಲ್ಕನೆಯ ಕೋಣೆಯದೇ ನಿಜವಾದ ಪ್ಲೆಯೆಲ್, ಇನ್ನೊಂದು ಪಿಯಾನೋ ತಯಾರಾದದ್ದೇ ಶೋಪಾನ್ ಸತ್ತ ಮೇಲೆ.

ನನ್ನ ಜೊತೆ ಬಂದಿದ್ದ ಭಾವ ನಮ್ಮೂರಲ್ಲಿ ವಕೀಲರು. ಮೂವತ್ತು ವರ್ಷ ಗಡಿ ತಕರಾರು ನಡೆಸಿದವರು. ಅಲ್ಲಿಯವರೆಗೆ ಮಠದ ಕಮಾನು, ಚಾವಣಿಯ ಚಿತ್ರ ಯಾವುದೂ ಅವರನ್ನು ಅಲುಗಿಸಿರಲಿಲ್ಲ. ಚಾವಣಿಯ ಚಿತ್ರ ಬರೆದ ಸನ್ಯಾಸಿ ಮಾನುಯೆಲ್ ಬಾಯೆಯು ಮಹಾ ಚಿತ್ರಕಾರ ಗೋಯಾನ ಭಾವಮೈದುನ ಎಂದು ನಾನು ಸಂಬಂಧ ಹಚ್ಚಿದರೂ ಪ್ರಯೋಜನವಾಗಲಿಲ್ಲ. ತೀರ್ಪಿನ ವಿಷಯ ಕೇಳಿದ್ದೇ ಕಣ್ಣರಳಿತು.

“ಅಲ್ಲ ಭಾವ, ಇಷ್ಟು ದೂರ ಬಂದು ಎರಡೆರಡು ಟಿಕೆಟ್ ತಗೊಂಡು ಎರಡು ಪಿಯಾನೋ ನೋಡೋದಾ?” ಅಂದೆ.

“ಒಂದೇ ಪಿಯಾನೋ ಕಣಯ್ಯಾ. ಇನ್ನೊಂದು ಎಕ್ಸಿಬಿಟ್ಟು” ಅಂದರು.

ನಾಲ್ಕನೆಯ ಕೋಣೆಯ ಆ ನಿಂತ ಪಿಯಾನೋ ನಿಜಕ್ಕೂ ಚಿಕ್ಕದು. ಅದರ ಮುಂದೆ ಜನ ಧ್ವನಿ ತಗ್ಗಿಸುತ್ತಾರೆ. ಜನವರಿಯಲ್ಲಿ ಬಂದು ಫೆಬ್ರವರಿಯಲ್ಲಿ ಕೈಬಿಟ್ಟ ವಾದ್ಯ. ಮಳೆ, ಕೆಮ್ಮುಗಳ ನಡುವೆ ಜಾಸ್ತಿ ದುಡಿದದ್ದು ಆ ಊರ ಡಬ್ಬಾ ಪಿಯಾನೋ. ಅದರ ಮೇಲೆ ಹಕ್ಕು ಸಾಧಿಸಲು ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲ.

ಸಾಂಡ್ ಸಂಸಾರ ದ್ವೀಪ ಬಿಟ್ಟ ಹಡಗಿನ ಹೆಸರು ‘ಎಲ್ ಮಯೋರ್ಕಿನ್’. ಅದರಲ್ಲಿ ಮುಖ್ಯ ಪ್ರಯಾಣಿಕರು ಹಂದಿಗಳು. ಮಯೋರ್ಕಾದಿಂದ ಸ್ಪೇನಿನ ಮುಖ್ಯಭೂಮಿಗೆ ಹಂದಿ ಸಾಗಿಸುವ ವ್ಯಾಪಾರವಿದ್ದದ್ದರಿಂದಲೇ ಆ ಹಬೆ ಹಡಗು ಓಡುತ್ತಿತ್ತು. ತಾನು ಈ ದ್ವೀಪ ನೋಡಿದ್ದು ಹಂದಿಯ ಕೃಪೆಯಿಂದ ಎಂದು ಸಾಂಡ್ ಬರೆಯುತ್ತಾಳೆ. ರಕ್ತ ಕಾರುತ್ತಿದ್ದ ಶೋಪಾನನಿಗೆ ಕೊಟ್ಟದ್ದು ಅತ್ಯಂತ ಕೆಟ್ಟ ಹಾಸಿಗೆ, ಹೇಗೂ ಸುಡಬೇಕಲ್ಲ ಎಂದು. ನಮ್ಮ ಪುರಂದರದಾಸರು ಒಂದು ಕೀರ್ತನೆಯಲ್ಲಿ ನಿಂದಕರನ್ನೂ ಹಂದಿಯನ್ನೂ ಜೋಡಿಸಿ, ಇಬ್ಬರೂ ಊರಿಗೆ ಬೇಕು ಎಂದಿದ್ದಾರೆ. ಮಯೋರ್ಕಾದ ಮಟ್ಟಿಗೆ ದಾಸರ ಮಾತು ಅಕ್ಷರಶಃ ನಿಜವಾಯಿತು. ಮೊದಲು ಹಂದಿ ದ್ವೀಪವನ್ನು ಸಾಕಿತು, ಆಮೇಲೆ ನಿಂದಕಿ ಸಾಕಿದಳು.

ಆ ಕಾಲದ ಮಯೋರ್ಕಾದವರು ಮಾತ್ರ ಸಾಂಡ್ ಬೈಗುಳವನ್ನು ನಗುತ್ತಾ ನುಂಗಲಿಲ್ಲ. ಜೋಸೆ ಕುವಾದ್ರಾದೋ ಎಂಬ ಪಾಲ್ಮಾದ ಬರಹಗಾರ ಆಕೆಯ ಬರಹ ಪತ್ರಿಕೆಯಲ್ಲಿ ಬರುತ್ತಿದ್ದಂತೆಯೇ ಪ್ರತ್ಯುತ್ತರ ಬರೆದ. ವಾದದಲ್ಲಿ ಚೆನ್ನಾಗಿ ಹೊರಟು, ಕೊನೆಗೆ ಆಕೆಯ ಶೀಲದ ಮಾತಿಗಿಳಿದ. ನೂರು ಚಿಲ್ಲರೆ ವರ್ಷದ ನಂತರ, ಪಕ್ಕದ ದೇಯಾ ಊರಲ್ಲಿ ನೆಲಸಿದ್ದ ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ ಸಾಂಡ್ ಪುಸ್ತಕವನ್ನು ಇಂಗ್ಲಿಷಿಗೆ ತಂದ. 1956ರ ಆ ಪುಸ್ತಕದಲ್ಲಿ ಕುವಾದ್ರಾದೋನ ಉತ್ತರವನ್ನೂ ಸೇರಿಸಿ, ತಾನೂ ಅಲ್ಲಲ್ಲಿ ಲೇಖಕಿಗೆ ಕುಟುಕಿದ್ದಾನೆ. ಲೇಖಕಿಯ ಜೊತೆ ಹೀಗೆ ಜಗಳವಾಡುತ್ತಾ ಮಾಡಿದ ಅನುವಾದ ಬೇರೆ ಎಲ್ಲಾದರೂ ಇದ್ದರೆ ತಿಳಿದವರು ಹೇಳಬೇಕು. 1985ರಲ್ಲಿ ತೀರಿಕೊಂಡ ಗ್ರೇವ್ಸ್ ದೇಯಾದ ದಿಬ್ಬದ ಚರ್ಚಿನ ಪಕ್ಕದಲ್ಲೇ ಮಲಗಿದ್ದಾನೆ. ಸಿಮೆಂಟಿನ ಮೇಲೆ ಕೈಯಿಂದ ಗೀಚಿದ ಹೆಸರು, ಕೆಳಗೆ ‘ಕವಿ’ ಎಂಬ ಪದವಿ.

ಬಂದುಹೋದವರ ಮಾತೇ ಆಯಿತು. ವಾಲ್ದೆಮೋಸಾದ ಬಾಗಿಲುಗಳ ಪಕ್ಕ ನೋಡಿದರೆ ಊರಿನವಳೇ ಆದ ಒಬ್ಬಳು ಸಿಗುತ್ತಾಳೆ. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿ, ಪಾಲ್ಮಾದ ಮಠದಲ್ಲಿ ಸನ್ಯಾಸಿನಿಯಾಗಿ, 1930ರಲ್ಲಿ ಸಂತಳೆಂದು ಘೋಷಿತಳಾದ ಕಾತಾಲಿನಾ ತೊಮಾಸ್. ಮನೆಮನೆಯ ಗೋಡೆಗೂ ಅವಳ ಬಾಳಿನ ಒಂದೊಂದು ಪ್ರಸಂಗದ ಬಣ್ಣದ ಹಂಚು, ಕೆಳಗೆ ನಮಗಾಗಿ ಬೇಡಿಕೋ ಎಂಬ ಮೊರೆ. ಜುಲೈ 28ರಂದು ಊರಿನ ಒಬ್ಬ ಪುಟ್ಟ ಹುಡುಗಿಗೆ ಅವಳ ವೇಷ ಹಾಕಿಸಿ, ತೇರಿನಂಥ ಗಾಡಿಯಲ್ಲಿ ಕೂರಿಸಿ ಮೆರವಣಿಗೆ ಮಾಡುತ್ತಾರೆ. ಶೋಪಾನನಿಗೆ ಟಿಕೆಟ್ ಇದೆ, ಇವಳಿಗೆ ಇಲ್ಲ. ಮನೆಯವಳಿಗೆ ಯಾರು ಟಿಕೆಟ್ ಇಡುತ್ತಾರೆ?

ನೆಂಟರೆಲ್ಲ ಕೆಟ್ಟವರೂ ಅಲ್ಲ. ಆಸ್ಟ್ರಿಯಾದ ರಾಜಮನೆತನದ ಲುಡ್ವಿಗ್ ಸಾಲ್ವಟೋರ್ 1867ರಲ್ಲಿ ಬಂದು, 1872ರಿಂದ ಈ ಕರಾವಳಿಯ ತೋಟಗಳನ್ನು ಒಂದೊಂದಾಗಿ ಕೊಂಡ. ಕೊಂಡದ್ದರಲ್ಲಿ ಮರ ಕಡಿಯಬೇಡಿ ಎಂದ, ದಾರಿಹೋಕರಿಗೆ ಮೂರು ದಿನ ಪುಕ್ಕಟೆ ತಂಗಲು ಮನೆ ಇಟ್ಟ, ದ್ವೀಪಗಳ ಬಗ್ಗೆ ಸಂಪುಟಗಟ್ಟಲೆ ಬರೆದ. ಅವನ ಬಟ್ಟೆ ಎಷ್ಟು ಮಾಸಿರುತ್ತಿತ್ತೆಂದರೆ, ಗಾಡಿ ತಳ್ಳಲು ಸಹಾಯ ಮಾಡಿದ್ದಕ್ಕೆ ಒಬ್ಬ ಗಾಡಿಯವನು ಕೂಲಿ ಕೊಟ್ಟನಂತೆ. ಜನ್ಮದಲ್ಲಿ ನಾನು ದುಡಿದ ಮೊದಲ ಕಾಸು ಎಂದು ಅವನು ಇಟ್ಟುಕೊಂಡನಂತೆ. ಕಥೆಯಿರಬಹುದು. ಆದರೆ ಹೊಗಳಿ ಬರೆದ ಅವನ ಸಂಪುಟಗಳಿಗಿಂತ ಬೈದು ಬರೆದ ಸಾಂಡ್ ಪುಸ್ತಕವೇ ಹೆಚ್ಚು ಮಾರಾಟವಾಗುವಂತೆ ಅಂಗಡಿಗಳಲ್ಲಿ ಕಂಡಿತು.

ನನ್ನನ್ನು ಕೇಳಿದರೆ ಅಲ್ಲಿ ಟಿಕೆಟ್ ಇಡಬೇಕಾದದ್ದು ಗೋಡೆಗಳಿಗೆ. ಊರಾಚೆ ತ್ರಾಮುಂತಾನಾ ಬೆಟ್ಟಸಾಲಿನ ಇಳಿಜಾರೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಡಿದ ತಾಕುಗಳು, ತಾಕಿಗೊಂದು ಕಲ್ಲಿನ ತಡೆಗೋಡೆ. ಸುಣ್ಣವಿಲ್ಲ, ಗಾರೆಯಿಲ್ಲ, ಸಿಮೆಂಟಿಲ್ಲ. ಹತ್ತಿರ ಹೋಗಿ ನೋಡಿದೆ. ಮುಂಭಾಗದಲ್ಲಿ ಸುತ್ತಿಗೆಯಿಂದ ಮೂಲೆ ಮುರಿದು ಒಂದಕ್ಕೊಂದು ಕಚ್ಚಿಸಿದ ದೊಡ್ಡ ಕಲ್ಲು. ಅದರ ಹಿಂದೆ ಮಣ್ಣಿಗೂ ಕಲ್ಲಿಗೂ ನಡುವೆ ಜಲ್ಲಿಯಂಥ ಸಣ್ಣ ಕಲ್ಲಿನ ಭರ್ತಿ. ಮಳೆಯ ನೀರು ಆ ಜಲ್ಲಿಯಲ್ಲಿಳಿದು ಸಂದಿಗಳಿಂದ ಹೊರಬರುತ್ತದೆ. ಗಾರೆ ಹಾಕಿ ಬಾಯಿ ಮುಚ್ಚಿದ್ದರೆ ಒಳಗೆ ನೀರು ತುಂಬಿ ಗೋಡೆ ಒಡೆದು ಹೋಗುತ್ತಿತ್ತು. ಹೀಗೆ ಹಿಡಿದಿಟ್ಟ ಮಣ್ಣಿನಲ್ಲಿ ಶತಮಾನಗಳ ಆಲಿವ್ ಮರಗಳು, ಒಗೆದು ಹಿಂಡಿದ ಪಂಚೆಯಂತೆ ತಿರುಚಿಕೊಂಡ ಕಾಂಡಗಳು. ಕಟ್ಟಿದವರ ಹೆಸರಿಲ್ಲ. ಯುನೆಸ್ಕೋ 2011ರಲ್ಲಿ ಬೆಟ್ಟಸಾಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2018ರಲ್ಲಿ ಸ್ಪೇನ್ ಸೇರಿ ಎಂಟು ದೇಶಗಳ ಈ ಒಣಗಲ್ಲಿನ ಗೋಡೆ ಕಟ್ಟುವ ವಿದ್ಯೆಯನ್ನೂ ಗೌರವಿಸಿತು. ಅಷ್ಟರಲ್ಲಿ ಬೆಟ್ಟದವರ ಮಕ್ಕಳು ಕರಾವಳಿಯ ಹೋಟೆಲುಗಳ ಕೆಲಸಕ್ಕೆ ಇಳಿದು ಎಷ್ಟೋ ಗೋಡೆಗಳು ಕುಸಿದಿದ್ದವು. ಈಗ ಸಂಬಳ ಕೊಟ್ಟು ಕಟ್ಟಿಸುತ್ತಿದ್ದಾರೆ. ಕಲಿಸುವ ಏರ್ಪಾಡೂ ಇದೆ.

ಸಂಜೆ ತಿಂಡಿಗೆ ಊರಿನ ವಿಶೇಷ ಕೋಕಾ ದೆ ಪತಾತಾ. ಆಲೂಗಡ್ಡೆ ಬೇಯಿಸಿ ಹಿಸುಕಿ ಹಿಟ್ಟಿಗೆ ಕಲಸಿದ, ಮೇಲೆ ಪುಡಿ ಸಕ್ಕರೆ ಉದುರಿಸಿದ ಬನ್ನು, ಹತ್ತಿಯಷ್ಟು ಹಗುರ. ಆಲೂಗಡ್ಡೆ ಎಂಬ ಹೆಸರು ನಂಬಿ ಕೈ ಹಾಕಿದ್ದ ಭಾವ, ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುತ್ತಾರೆಂದು ಅಂಗಡಿಯಾಕೆ ಹೇಳಿದ್ದೇ ತಟ್ಟೆಯನ್ನು ಗಂಭೀರವಾಗಿ ನನ್ನ ಕಡೆ ಸರಿಸಿದರು. “ತೀರ್ಪು ಕಾದಿರಿಸಲಾಗಿದೆ” ಅಂದರು. ಹಂದಿ ಆ ದ್ವೀಪವನ್ನು ಇನ್ನೂ ಬಿಟ್ಟಿಲ್ಲ.

ನೀವು ಹೋಗುವುದಾದರೆ ಬೇಸಿಗೆಯ ನಡುಹಗಲು ಬೇಡ. ಪ್ರವಾಸಿ ಬಸ್ಸುಗಳು ತುಂಬಿಕೊಂಡು ಗಲ್ಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿಯಿರಿ. ಚಳಿಗಾಲವಾದರೆ ಸ್ವೆಟರ್, ಕೊಡೆ ಎರಡೂ ಇರಲಿ. ಸಸ್ಯಾಹಾರಿಗಳು ಬನ್ನು ತಿನ್ನುವ ಮುಂಚೆ ವಿಚಾರಿಸಿ. ಮಳೆ ಹಿಡಿದು ಸಿಟ್ಟು ಬಂದರೂ ಊರನ್ನು ಬೈದು ಪುಸ್ತಕ ಮಾತ್ರ ಬರೆಯಬೇಡಿ. ಅದನ್ನೂ ಅನುವಾದ ಮಾಡಿಸಿ, ಮಠದ ಬಾಗಿಲಲ್ಲಿಟ್ಟು ಮಾರಿಬಿಡುತ್ತಾರೆ.